ಬಚ್ಚಲಲ್ಲಿ ಜಾರಿ ಬೀಳದಿರಲು: ಮಲೆನಾಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ವರ್ಷದ ಹಿಂದೆ, ಪುಷ್ಯ ಮಳೆ ಹಿಡಿದು ಹೊಡೆಯುತ್ತಿದ್ದಾಗ, ನಮ್ಮಮ್ಮ ಬಚ್ಚಲಲ್ಲಿ ಬಿದ್ದರು. ತೀರ್ಥಹಳ್ಳಿ ಕಡೆಯ ಹಳೆ ಮನೆ ನಮ್ಮದು. ಕೈ ಊರಿಕೊಂಡು ಬಿದ್ದದ್ದರಿಂದ ಮಣಿಕಟ್ಟು ಮುರಿಯಿತು, ಸೊಂಟ ಉಳಿಯಿತು. ಆರು ವಾರ ಪ್ಲಾಸ್ಟರ್. ಆಮೇಲೆ ನಾನು ನೆಂಟರ ಮನೆ, ಅಕ್ಕಪಕ್ಕದ ಮನೆ ಎಲ್ಲಿಗೆ ಹೋದರೂ ಮೊದಲು ಬಚ್ಚಲು ನೋಡುವ ಅಭ್ಯಾಸ ಆಗಿಬಿಟ್ಟಿದೆ. ಹಾಗೆ ನೋಡುವಾಗ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಇವು.

ಇಡೀ ಮನೆ ಇರುವಾಗ ಬಚ್ಚಲಲ್ಲೇ ಯಾಕೆ ಬೀಳುತ್ತಾರೆ?

ನೀರು, ಸೋಪು, ಬರಿಗಾಲು ಮೂರೂ ಒಂದೇ ಕಡೆ ಸೇರುವ ಜಾಗ ಅದು. ಜೊತೆಗೆ ಬಗ್ಗಬೇಕು, ಏಳಬೇಕು, ಕಣ್ಣಿಗೆ ಸೋಪು ಹೋದಾಗ ಕಣ್ಣು ಮುಚ್ಚಿಕೊಂಡೇ ಚೊಂಬು ತಡಕಬೇಕು. ಹಂಡೆಯ ಬಿಸಿ ನೀರು ಸುರಿದುಕೊಂಡಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬಿಪಿ ಸ್ವಲ್ಪ ಇಳಿಯುತ್ತದೆ. ಆ ಹೊತ್ತಲ್ಲಿ ತಟ್ಟನೆ ಎದ್ದು ನಿಂತರೆ ತಲೆ ತಿರುಗುತ್ತದೆ. ಹಿಡಿದುಕೊಳ್ಳೋಣ ಅಂದರೆ ಒದ್ದೆ ಗೋಡೆ ಬಿಟ್ಟು ಬೇರೇನೂ ಇರುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲು ನೆಲ ಒಣಗುವುದೇ ಇಲ್ಲ. ಬಯಲುಸೀಮೆಯಲ್ಲಿ ಬೆಳಿಗ್ಗೆ ಸ್ನಾನ ಆದರೆ ಮಧ್ಯಾಹ್ನಕ್ಕೆ ನೆಲ ಒಣಗಿರುತ್ತದೆ. ಆಗುಂಬೆ, ಹೊಸನಗರ, ಬಿದನೂರು ನಗರದ ಕಡೆ ಮಳೆಗಾಲ ಪೂರ್ತಿ ಅದು ಒದ್ದೆ.

ವಯಸ್ಸಾದವರು ಬೀಳೋದು ಸಹಜ ಅಲ್ವಾ? ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಖಂಡಿತ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅದರಲ್ಲಿ 60 ದಾಟಿದವರೇ ಜಾಸ್ತಿ. ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ಓಡಾಡುವುದಿಲ್ಲ. "ವಯಸ್ಸಾಯ್ತು, ಬಿದ್ದರು" ಅನ್ನುತ್ತೇವೆ. ಆದರೆ ಬಿದ್ದ ಜಾಗ ಹೋಗಿ ನೋಡಿ. ಪಾಚಿಯೋ, ಮಡಚಿದ ಗೋಣಿಯೋ, ಉರಿಯದ ಬಲ್ಬೋ ಒಂದು ಇದ್ದೇ ಇರುತ್ತದೆ.

ನಾವು ಬಚ್ಚಲ ಬಾಗಿಲಲ್ಲಿ ಗೋಣಿಚೀಲ ಹಾಸಿದ್ದೇವೆ. ಸಾಕಲ್ವಾ?

ನಮ್ಮಮ್ಮ ಜಾರಿದ್ದೇ ಆ ಗೋಣಿಯ ಮೇಲೆ. ಅವತ್ತು ಸಂಜೆ ನಾನು ಅದನ್ನು ಎತ್ತಿ ನೋಡಿದೆ. ಮೇಲೆ ಒರಟಾಗಿಯೇ ಇತ್ತು. ಕೆಳಗೆ ಮಾತ್ರ ಹಸಿರು ಕಪ್ಪು ಬಣ್ಣದ ಲೋಳೆ, ಬೆರಳಿಟ್ಟರೆ ಬೆರಳೇ ಜಾರುತ್ತಿತ್ತು. ವಾರಗಟ್ಟಲೆ ಒಂದೇ ಕಡೆ ಬಿದ್ದಿದ್ದ ಒದ್ದೆ ಗೋಣಿ ತನ್ನ ಕೆಳಗೆ ತಾನೇ ಪಾಚಿ ಬೆಳೆಸಿಕೊಂಡಿತ್ತು. ಕಾಲಿಟ್ಟ ತಕ್ಷಣ ಗೋಣಿ ಸಮೇತ ಜಾರಿದ್ದಾರೆ.

ಹಾಗಾಗಿ ಗೋಣಿ, ಹಳೆ ಸೀರೆ ಮಡಚಿ ಮಾಡಿದ ಮ್ಯಾಟ್ ಇವನ್ನೆಲ್ಲ ಬಚ್ಚಲಿಂದ ತೆಗೆದುಬಿಡಿ. ಹಾಸಲೇಬೇಕು ಅಂದರೆ ಕೆಳಗೆ ನೆಲಕ್ಕೆ ಕಚ್ಚಿಕೊಳ್ಳುವ ಸಣ್ಣ ರಬ್ಬರ್ ಬಟ್ಟಲುಗಳಿರುವ ಮ್ಯಾಟ್ ಅಥವಾ ನೀರು ಇಳಿದು ಹೋಗುವಂತೆ ತೂತು ಇರುವ ರಬ್ಬರ್ ಮ್ಯಾಟ್ ತನ್ನಿ. ಅದನ್ನೂ ಸ್ನಾನ ಆದ ಮೇಲೆ ಎತ್ತಿ ಗೋಡೆಗೆ ಒರಗಿಸಿಡಬೇಕು. ಎತ್ತಿಡದಿದ್ದರೆ ಅದೂ ಗೋಣಿಯ ಹಾಗೇ ಆಗುತ್ತದೆ. ಬಾಗಿಲ ಹೊರಗೆ ಕಾಲು ಒರೆಸಲು ಹಾಸುವ ಬಟ್ಟೆಗೂ ಇದೇ ಮಾತು. ಅಂಚು ಮೇಲೆ ಎದ್ದಿದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ.

ಎಷ್ಟು ಉಜ್ಜಿದರೂ ವಾರಕ್ಕೆ ಮತ್ತೆ ಪಾಚಿ. ಏನು ಮಾಡೋದು?

ಬರೀ ಪೊರಕೆಯಲ್ಲಿ ಉಜ್ಜಿದರೆ ಮೇಲಿನದು ಹೋಗುತ್ತದೆ, ಕಲ್ಲಿನ ಸಂದಿಯಲ್ಲಿ ಕೂತದ್ದು ಉಳಿಯುತ್ತದೆ. ಬ್ಲೀಚಿಂಗ್ ಪೌಡರನ್ನು ನೀರಲ್ಲಿ ಕಲಸಿ ನೆಲಕ್ಕೆ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದ ದಿನಗಳಲ್ಲಿ ತಿಂಗಳಿಗೊಮ್ಮೆ ಸಾಕು. ಈ ಕೆಲಸ ಮನೆಯ ಹಿರಿಯರಿಗೆ ಬಿಡಬೇಡಿ. ಪಾಚಿ ಉಜ್ಜಲು ಹೋಗಿಯೇ ಬಿದ್ದವರಿದ್ದಾರೆ.

ಒಂದು ಎಚ್ಚರಿಕೆ. ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಒಟ್ಟಿಗೆ ಸೇರಬಾರದು. ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರು ಕಟ್ಟಿಸುತ್ತದೆ. ಅಲ್ಲದೆ ಆಸಿಡ್ ಸಿಮೆಂಟನ್ನು ತಿನ್ನುತ್ತದೆ, ಟೈಲ್ಸ್ ಸಂದಿ ಬಾಯಿ ಬಿಡುತ್ತದೆ, ಅಲ್ಲಿ ಪಾಚಿ ಇನ್ನೂ ಚೆನ್ನಾಗಿ ಬೆಳೆಯುತ್ತದೆ.

ಪಾಚಿಯ ಮೂಲ ನಿಂತ ನೀರು. ಸ್ನಾನ ಮುಗಿದ ಮೇಲೆ ನೀರು ಎಲ್ಲಿ ನಿಲ್ಲುತ್ತದೆ ಅಂತ ಒಂದು ಸಲ ಕೂತು ನೋಡಿ. ಸಾಮಾನ್ಯವಾಗಿ ಹಂಡೆ ಒಲೆಯ ಬುಡದಲ್ಲಿ ಅಥವಾ ಸೋರುವ ನಲ್ಲಿಯ ಕೆಳಗೆ. ಆ ಒಂದು ತಗ್ಗಿಗೆ ಸಿಮೆಂಟ್ ಹಾಕಿ ಮೋರಿ ಕಡೆಗೆ ಇಳಿಜಾರು ಕೊಡಿಸಿದರೆ ಅರ್ಧ ಪಾಚಿ ಕಡಿಮೆ. ನಲ್ಲಿಯ ವಾಷರ್ ಬದಲಿಸಲು ಹತ್ತು ನಿಮಿಷ ಬೇಕು, ಆದರೆ ನಾವು ವರ್ಷಗಟ್ಟಲೆ ಹಾಗೇ ಬಿಡುತ್ತೇವೆ. ದಿನಾ ಕೊನೆಗೆ ಸ್ನಾನ ಮಾಡಿದವರು ವೈಪರ್‌ನಿಂದ ನೀರು ಎಳೆದು ಬರುವುದನ್ನು ಮನೆಯ ನಿಯಮ ಮಾಡಿ.

ನಮ್ಮ ಬಚ್ಚಲು ಮನೆಯಿಂದ ಹೊರಗಿದೆ. ದಾರಿಯೇ ಜಾರುತ್ತೆ.

ಹಳೆ ಮನೆಗಳಲ್ಲಿ ಇದೇ ದೊಡ್ಡ ಅಪಾಯ. ಅಂಗಳದಲ್ಲಿ ಹಾಕಿದ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಜುಲೈ ಹೊತ್ತಿಗೆ ಮೀನಿನ ಹಾಗೆ ಜಾರುತ್ತದೆ. ದಬ್ಬೆ ಬದಲು ಒರಟು ಕಲ್ಲು ಹಾಸಿ. ದಬ್ಬೆಯೇ ಬೇಕು ಅಂದರೆ ಅಡ್ಡಕ್ಕೆ ತೆಂಗಿನ ಹಗ್ಗ ಬಿಗಿಯಾಗಿ ಸುತ್ತಿ. ಒಂದು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಬಿದಿರಿನದೋ ಕಬ್ಬಿಣದ ಪೈಪಿನದೋ ತಡೆ ಕಟ್ಟಿದರೆ ಹಿಡಿದುಕೊಂಡು ಹೋಗಬಹುದು. ಕೊಡೆ ಹಿಡಿದ ಕೈ ಒಂದು, ಟವಲ್ ಹಿಡಿದ ಕೈ ಒಂದು ಆದರೆ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ. ಟವಲ್ ಹೆಗಲ ಮೇಲಿರಲಿ. ಸಾಧ್ಯವಾದರೆ ದಾರಿಗೆ ಒಂದು ತಗಡಿನ ಮಾಡು ಇಳಿಸಿ.

ಹಳೆ ಕಲ್ಲು ಚಪ್ಪಡಿ ಒಡೆಸಿ ಟೈಲ್ಸ್ ಹಾಕಿಸಿದರೆ ಒಳ್ಳೇದಾ?

ಅವಸರ ಬೇಡ. ಚಪ್ಪಡಿ ಕಲ್ಲು ಒಳ್ಳೆಯದೇ. ಎರಡು ತಲೆಮಾರಿನ ಕಾಲು ಸವೆಸಿ ನುಣುಪು ಮಾಡಿರುತ್ತವೆ, ಅಷ್ಟೇ. ಒರಳಿಗೆ ಮುಳ್ಳು ಹೊಡೆಸುವ ಹಾಗೆ, ಕಲ್ಲು ಕೆಲಸದವರನ್ನು ಕರೆಸಿ ಕಾಲಿಡುವ ಜಾಗಕ್ಕೆ ಚಾಣದಿಂದ ಸಣ್ಣಗೆ ಕಚ್ಚು ಹೊಡೆಸಿದರೆ ಮತ್ತೆ ಒರಟಾಗುತ್ತದೆ. ನಮ್ಮ ಮನೆಯಲ್ಲಿ ಮಾಡಿಸಿದ್ದು ಅದನ್ನೇ.

ಟೈಲ್ಸೇ ಬೇಕು ಅಂದರೆ ಹೊಳೆಯುವುದನ್ನು ತರಬೇಡಿ. ಅಂಗಡಿಯಲ್ಲಿ ಆರ್10 ಅಥವಾ ಆರ್11 ಇರುವ ಮ್ಯಾಟ್ ಟೈಲ್ಸ್ ಕೇಳಿ. ಆರ್ ಮುಂದಿನ ಅಂಕಿ ಜಾಸ್ತಿ ಆದಷ್ಟು ಜಾರುವುದು ಕಡಿಮೆ. ಒಂದು ಟೈಲನ್ನು ನೆಲಕ್ಕಿಟ್ಟು ನೀರು ಹಾಕಿಸಿ, ಮೇಲೆ ಬರಿಗಾಲಿನ ಹೆಬ್ಬೆರಳು ಒತ್ತಿ ಎಳೆದು ನೋಡಿ. ಅಂಗಡಿಯವರು ಏನಂದುಕೊಂಡರೂ ಪರವಾಗಿಲ್ಲ. ಸಣ್ಣ ಟೈಲ್ಸ್‌ಗೆ ಸಂದಿ ಜಾಸ್ತಿ, ಕಾಲಿಗೆ ಹಿಡಿತವೂ ಜಾಸ್ತಿ. ನೆಲ ಮತ್ತು ಗೋಡೆ ಬೇರೆ ಬೇರೆ ಬಣ್ಣ ಇರಲಿ. ಕಣ್ಣಿಗೆ ಪೊರೆ ಬಂದವರಿಗೆ ಎಲ್ಲ ಬಿಳಿ ಇದ್ದರೆ ನೆಲ ಎಲ್ಲಿ ಮುಗಿಯಿತು, ಮೆಟ್ಟಿಲು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ.

ಎಣ್ಣೆ ಸ್ನಾನ ಬಿಡಬೇಕಾ?

ಬಿಡಬೇಡಿ. ಆದರೆ ಎಣ್ಣೆಯನ್ನು ಬಚ್ಚಲಲ್ಲಿ ಹಚ್ಚಬೇಡಿ. ಹೊರಗೆ ಕೂತು ಹಚ್ಚಿಕೊಂಡು, ಅಂಗಾಲು ಮಾತ್ರ ಚೆನ್ನಾಗಿ ಒರೆಸಿಕೊಂಡು ಒಳಗೆ ಹೋಗಿ. ತಲೆಗೆ ಮತ್ತಿ ಸೊಪ್ಪಿನದೋ ದಾಸವಾಳ ಸೊಪ್ಪಿನದೋ ಲೋಳೆ ಹಾಕುವವರು ಇನ್ನೂ ಹುಷಾರು. ಅದು ನೆಲಕ್ಕೆ ಬಿದ್ದರೆ ಸೋಪಿಗಿಂತ ಜಾಸ್ತಿ ಜಾರುತ್ತದೆ. ಕೂತಲ್ಲೇ ಎರಡು ಚೊಂಬು ಬಿಸಿ ನೀರು ನೆಲಕ್ಕೆ ಸುರಿದು, ಸೀಗೆಪುಡಿ ಹಾಕಿ ತೊಳೆದ ಮೇಲೆಯೇ ಏಳಬೇಕು. ದೀಪಾವಳಿಯ ನೀರು ತುಂಬುವ ಹಬ್ಬದ ಮಾರನೇ ದಿನ ಮನೆ ಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಎಣ್ಣೆ ಸ್ನಾನ ಮಾಡುತ್ತಾರೆ. ಅವತ್ತು ಹಿರಿಯರದು ಮೊದಲು ಆಗಲಿ. ಕೊನೆಯ ಪಾಳಿ ಬರುವ ಹೊತ್ತಿಗೆ ನೆಲದಲ್ಲಿ ಎಲ್ಲರ ಎಣ್ಣೆಯೂ ಇರುತ್ತದೆ.

ಹಿಡಿಕೆ ಎಲ್ಲೆಲ್ಲಿ, ಎಷ್ಟು ಎತ್ತರಕ್ಕೆ?

ಮೂರು ಕಡೆ: ಒಳಗೆ ಕಾಲಿಡುವ ಬಾಗಿಲ ಪಕ್ಕ, ಸ್ನಾನಕ್ಕೆ ಕೂರುವ ಜಾಗ, ಕಮೋಡಿನ ಪಕ್ಕ. ಅಡ್ಡ ಹಿಡಿಕೆ ನೆಲದಿಂದ ಸುಮಾರು 80ರಿಂದ 90 ಸೆಂಟಿಮೀಟರ್ ಎತ್ತರದಲ್ಲಿ ಇರುವುದು ವಾಡಿಕೆ. ಆದರೆ ಅಳತೆ ಪಟ್ಟಿಗಿಂತ ಬಳಸುವವರೇ ಮುಖ್ಯ. ಅಮ್ಮನನ್ನು ಅಲ್ಲಿ ಕೂರಿಸಿ, ಏಳಲು ಹೇಳಿ, ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ದಪ್ಪ 3ರಿಂದ 4 ಸೆಂಟಿಮೀಟರ್ ಇದ್ದರೆ ಮುಷ್ಟಿಗೆ ಸರಿಯಾಗಿ ಸಿಗುತ್ತದೆ. ಗೋಡೆಗೂ ಕಂಬಿಗೂ ನಡುವೆ ಸುಮಾರು 4 ಸೆಂಟಿಮೀಟರ್ ಜಾಗ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಜಾರಿದಾಗ ಕೈ ಒಳಗೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ನಮ್ಮ ಗೋಡೆಗಳ ವಿಷಯ ಹೇಳಲೇಬೇಕು. ಜಂಬಿಟ್ಟಿಗೆ ಕಲ್ಲಿನ ಗೋಡೆ ಮೆದು, ತೂತು ತೂತು. ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಅವತ್ತು ಗಟ್ಟಿ ಅನ್ನಿಸುತ್ತದೆ, ಆರು ತಿಂಗಳಿಗೆ ಪುಡಿ ಉದುರಿ ಅಲ್ಲಾಡುತ್ತದೆ. ಅಂಥ ಗೋಡೆಗೆ ಆಚೆ ಬದಿಗೆ ತೂರಿ ಹೋಗುವ ಉದ್ದ ಬೋಲ್ಟ್ ಹಾಕಿ ಹಿಂದೆ ಕಬ್ಬಿಣದ ಪಟ್ಟಿ ಕೊಡಿಸಬೇಕು. ಮಣ್ಣಿನ ಗೋಡೆಯಾದರೆ ಗೋಡೆಯನ್ನು ನಂಬಲೇಬೇಡಿ. ನೆಲದಲ್ಲಿ ಕಾಂಕ್ರೀಟ್ ಹಾಕಿ ಸ್ಟೀಲ್ ಪೈಪ್ ನಿಲ್ಲಿಸಿ. ಹಾಕಿಸಿದ ಮೇಲೆ ಮನೆಯಲ್ಲಿ ಅತಿ ತೂಕದವರು ಎರಡು ಕೈಯಲ್ಲಿ ಹಿಡಿದು ಜೋತು ಬಿದ್ದು ನೋಡಬೇಕು. ಅಲ್ಲಾಡಿದರೆ ಕಿತ್ತು ಮತ್ತೆ ಹಾಕಿಸಿ. ಅಲ್ಲಾಡುವ ಹಿಡಿಕೆ ಹಿಡಿಕೆಯೇ ಇಲ್ಲದ್ದಕ್ಕಿಂತ ಅಪಾಯ.

ಟವಲ್ ಹಾಕುವ ರಾಡು, ನಲ್ಲಿ ಇವನ್ನು ಹಿಡಿದರೆ ಆಗಲ್ವಾ? ಗೋಡೆಗೆ ಅಂಟುವ ರಬ್ಬರ್ ಹಿಡಿಕೆ?

ಆಗುವುದಿಲ್ಲ. ಈ ಮೂರನ್ನೂ ಮನುಷ್ಯರ ಭಾರ ತಡೆಯಲು ಮಾಡಿದ್ದಲ್ಲ.

ಮಣೆ ಮೇಲೆ ಕೂತು ಸ್ನಾನ ಮಾಡೋದು ಸುರಕ್ಷಿತ ಅಲ್ವಾ?

ಕೂತು ಮಾಡುವುದು ಸರಿ. ಮಣೆ ತಗ್ಗು, ಅದೇ ತೊಂದರೆ. ಮಂಡಿ ನೋವಿನವರು ಮಣೆಯಿಂದ ಏಳುವಾಗಲೇ ಬೀಳುವುದು. ಸುಮಾರು 45 ಸೆಂಟಿಮೀಟರ್ ಎತ್ತರದ, ನಾಲ್ಕೂ ಕಾಲಿಗೆ ರಬ್ಬರ್ ಬುಷ್ ಇರುವ ಗಟ್ಟಿ ಸ್ಟೂಲು ಅಥವಾ ಕೈ ಇರುವ ಕುರ್ಚಿ ಇಡಿ. ತೆಳು ಪ್ಲಾಸ್ಟಿಕ್ ಕುರ್ಚಿಯ ಕಾಲು ಒದ್ದೆ ನೆಲದಲ್ಲಿ ಅಗಲಕ್ಕೆ ಜಾರುತ್ತದೆ, ಅದು ಬೇಡ. ಬಕೆಟ್ಟನ್ನೂ ಇನ್ನೊಂದು ಸ್ಟೂಲಿನ ಮೇಲಿಟ್ಟರೆ ಬಗ್ಗುವುದು ತಪ್ಪುತ್ತದೆ. ಹಂಡೆಯಿಂದ ಕುದಿ ನೀರು ತುಂಬಿಕೊಂಡು ಹೆಜ್ಜೆ ಹಾಕುವ ಕೆಲಸ ಬೇರೆಯವರು ಮಾಡಲಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ ನೀರು.

ಇಂಡಿಯನ್ ಸಂಡಾಸಿನಿಂದ ಏಳೋಕೆ ಕಷ್ಟ. ಕಮೋಡ್ ಹಾಕಿಸಲು ಈಗ ಆಗಲ್ಲ.

ಅದರ ಮೇಲೆಯೇ ಇಡುವ ಕಬ್ಬಿಣದ ಕಮೋಡ್ ಕುರ್ಚಿ ಶಿವಮೊಗ್ಗದ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಕಾಲಿನ ರಬ್ಬರ್ ಸವೆದಿಲ್ಲ ಅಂತ ಆಗಾಗ ನೋಡಿ. ಮಲಬದ್ಧತೆ ಇದ್ದವರು ಜಾಸ್ತಿ ಮುಕ್ಕಿದರೆ ಬಿಪಿ ಏರುಪೇರಾಗಿ ತಲೆ ಸುತ್ತುತ್ತದೆ. ಅದಕ್ಕೆ ಔಷಧಿ ಕೇಳಲು ನಾಚಿಕೆ ಬೇಡ.

ರಾತ್ರಿ ಎದ್ದು ಹೋಗುವಾಗ ಏನು ಮಾಡಬೇಕು?

ಎಚ್ಚರವಾದ ಕೂಡಲೇ ಏಳಬಾರದು. ಹಾಸಿಗೆ ಅಂಚಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಬೇಕು, ಹಿಮ್ಮಡಿ ಹತ್ತು ಸಲ ಎತ್ತಿ ಇಳಿಸಬೇಕು, ಆಮೇಲೆ ಏಳಬೇಕು. ಗಂಡಸರೂ ರಾತ್ರಿ ಕೂತೇ ಮೂತ್ರ ಮಾಡಲಿ. ಬೆಚ್ಚಗೆ ಮಲಗಿದ್ದವರು ಎದ್ದು ನಿಂತು ಮೂತ್ರ ಮಾಡುವಾಗ ಒಮ್ಮೆಲೇ ಬಿಪಿ ಇಳಿದು ಬೀಳುವುದುಂಟು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ನಂಬುವ ಹಾಗಿಲ್ಲ. ಕರೆಂಟು ಹೋದರೂ ಕೆಲವು ಗಂಟೆ ತಾನೇ ಉರಿಯುವ ಚಾರ್ಜಿಂಗ್ ಬಲ್ಬನ್ನು ಬಚ್ಚಲಿಗೆ ಒಂದು, ದಾರಿಗೆ ಒಂದು ಹಾಕಿ. ದಿಂಬಿನ ಪಕ್ಕ ಟಾರ್ಚ್ ಇರಲಿ. ದೂರ ಹೋಗಲು ಆಗದವರಿಗೆ ಮಂಚದ ಪಕ್ಕವೇ ಯೂರಿನ್ ಪಾಟ್ ಅಥವಾ ಕಮೋಡ್ ಕುರ್ಚಿ ಇಡಿ. ಮಳೆಯ ರಾತ್ರಿ ಅಂಗಳ ದಾಟಿಸುವುದಕ್ಕಿಂತ ಅದು ಎಷ್ಟೋ ಮೇಲು.

ಮಾತ್ರೆಗೂ ಬೀಳೋದಕ್ಕೂ ಸಂಬಂಧ ಇದೆಯಾ?

ಇದೆ. ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ, ನಿದ್ದೆ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಶುಗರ್ ಇಳಿಸುವ ಮಾತ್ರೆ ಎಲ್ಲವೂ ತಲೆ ಸುತ್ತಿಸಬಹುದು. ನೀವೇ ನಿಲ್ಲಿಸಬೇಡಿ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಲು ಕೇಳಿ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಮಾತ್ರೆಯನ್ನೋ ಹೊತ್ತನ್ನೋ ಬದಲಿಸುವ ಬಗ್ಗೆ ಅವರೇ ಯೋಚಿಸುತ್ತಾರೆ. ಶುಗರ್ ಹಳೆಯದಾದವರಿಗೆ ಅಂಗಾಲಿನ ಸ್ಪರ್ಶ ಕಡಿಮೆ ಆಗಿರುತ್ತದೆ, ನೆಲ ಜಾರುವುದು ಕಾಲಿಗೆ ತಿಳಿಯುವುದೇ ಇಲ್ಲ.

ಒಳಗಿಂದ ಚಿಲಕ ಹಾಕೋದು ಬೇಡವಾ?

ಬೇಡ. ಬಾಗಿಲು ಮುಂದೆ ಮಾಡಿ, ಹೊರಗೆ ಹಿಡಿಕೆಗೆ ಒಂದು ಟವಲ್ ಹಾಕಿದರೆ ಒಳಗೆ ಯಾರೋ ಇದ್ದಾರೆ ಅಂತ ಅರ್ಥ. ಚಿಲಕ ಬೇಕೇ ಬೇಕು ಅನ್ನುವವರಿಗೆ ಹೊರಗಿಂದಲೂ ತೆರೆಯುವಂಥದ್ದು ಹಾಕಿಸಿ. ಬಾಗಿಲು ಹೊರಗೆ ತೆರೆಯುವ ಹಾಗೆ ತಿರುಗಿಸಿ ಕೂರಿಸುವುದು ಇನ್ನೂ ಒಳ್ಳೆಯದು. ಬಿದ್ದವರ ಮೈ ಅಡ್ಡ ಬಂದರೆ ಒಳಗೆ ತೆರೆಯುವ ಬಾಗಿಲನ್ನು ದೂಡಲು ಆಗುವುದಿಲ್ಲ.

ಚಳಿಗೆ ಕಿಟಕಿ ಮುಚ್ಚಿಕೊಂಡು ಸ್ನಾನ ಮಾಡುತ್ತೇವೆ. ತೊಂದರೆ ಇದೆಯಾ?

ಗ್ಯಾಸ್ ಗೀಸರ್ ಒಳಗಿದ್ದರೆ ಪ್ರಾಣಕ್ಕೇ ತೊಂದರೆ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ, ಆಮೇಲೆ ಎಚ್ಚರ ತಪ್ಪುವುದು. ಹೊರಗಿದ್ದವರು ಜಾರಿ ಬಿದ್ದರು ಅಂದುಕೊಳ್ಳುತ್ತಾರೆ. ಗ್ಯಾಸ್ ಗೀಸರ್ ಗೋಡೆಯ ಹೊರಗೇ ಇರಬೇಕು, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಹಂಡೆ ಒಲೆಯ ಕೆಂಡಕ್ಕೂ ಇದೇ ಮಾತು. ಬಚ್ಚಲಲ್ಲಿ ಒಲೆ ಉರಿಯುತ್ತಿದ್ದರೆ ಹೊಗೆಗಂಡಿ ಮುಚ್ಚಲೇಬಾರದು.

ಅಪ್ಪ ಇದಕ್ಕೆಲ್ಲ ಒಪ್ಪಲ್ಲ. "ನನಗೇನಾಗಿದೆ?" ಅಂತಾರೆ.

"ನಿಮಗೆ ವಯಸ್ಸಾಯ್ತು" ಅಂತ ಶುರು ಮಾಡಿದರೆ ಯಾರೂ ಒಪ್ಪುವುದಿಲ್ಲ. "ಮಕ್ಕಳು ರಜೆಗೆ ಬರ್ತಾರೆ, ಜಾರ್ತಾರೆ, ಎಲ್ಲರಿಗೂ ಆಗುತ್ತೆ" ಅನ್ನಿ. ಸುಳ್ಳೂ ಅಲ್ಲ. ಓಡುವ ಮಕ್ಕಳು, ಬಸುರಿಯರು ಕೂಡ ಬೀಳುತ್ತಾರೆ. ಹಿಡಿಕೆ ಎಲ್ಲಿ ಬೇಕು ಅಂತ ಅಪ್ಪನೇ ಹೇಳಲಿ, ಅವರ ಮುಂದೆಯೇ ಕೆಲಸ ನಡೆಯಲಿ. ತಾವೇ ನಿಂತು ಮಾಡಿಸಿದ್ದನ್ನು ಜನ ಬಳಸುತ್ತಾರೆ.

ಬಿದ್ದುಬಿಟ್ಟರೆ ಮೊದಲು ಏನು ಮಾಡಬೇಕು?

ಗಾಬರಿಯಲ್ಲಿ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಮೊದಲು ಮಾತಾಡಿಸಿ. ಎಲ್ಲಿ ನೋವು, ಕೈ ಕಾಲು ಆಡುತ್ತದೆಯೇ ನೋಡಿ. ಒಂದು ಕಾಲು ಗಿಡ್ಡವಾದ ಹಾಗೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿಯಲ್ಲಿ ತಡೆಯಲಾಗದ ನೋವಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಕುತ್ತಿಗೆ, ಬೆನ್ನು ನೋವು ಅಂದರೂ ಅಲ್ಲಾಡಿಸಬೇಡಿ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, 108ಕ್ಕೆ ಕರೆ ಮಾಡಿ. ರಸ್ತೆಯವರೆಗೆ ಹೊರಬೇಕಾದರೆ ಅಗಲದ ಹಲಗೆ ಅಥವಾ ಕಿತ್ತ ಬಾಗಿಲ ಮೇಲೆ ಮಲಗಿಸಿ ನಾಲ್ಕು ಜನ ಹೊರಿ. ತಿನ್ನಲು, ಕುಡಿಯಲು ಕೊಡಬೇಡಿ, ಆಪರೇಷನ್ ಬೇಕಾಗಬಹುದು. ಎಣ್ಣೆ ಹಾಕಿ ನೀವಿಸುವುದು, ಎಳೆದು ಕೂರಿಸುವುದು ಬೇಡವೇ ಬೇಡ. ಸೊಂಟದ ಮೂಳೆಗೆ ಒಂದೆರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು. "ನಾಲ್ಕು ದಿನ ನೋಡೋಣ" ಅಂದಷ್ಟೂ ಕಷ್ಟ ಜಾಸ್ತಿ. ಜಿಲ್ಲೆಯಲ್ಲಿ ಇಂಥದ್ದಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ.

ತಲೆಗೆ ಪೆಟ್ಟಾಗಿದ್ದರೆ, ಅದರಲ್ಲೂ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಾದರೆ, ಚೆನ್ನಾಗಿದ್ದಾರೆ ಅನ್ನಿಸಿದರೂ ಅವತ್ತೇ ಆಸ್ಪತ್ರೆಗೆ ಹೋಗಿ. ತಲೆಯೊಳಗಿನ ರಕ್ತಸ್ರಾವ ನಿಧಾನಕ್ಕೆ ತೋರಿಸಿಕೊಳ್ಳಬಹುದು.

ಏನೂ ಮುರಿದಿಲ್ಲ ಅನ್ನಿಸಿದರೆ ಅವರೇ ಏಳಲಿ. ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಗಟ್ಟಿ ಕುರ್ಚಿಯ ಮೇಲೆ ಎರಡೂ ಕೈ ಊರಿ, ಬಲವಾದ ಕಾಲು ಮುಂದಿಟ್ಟು ನಿಧಾನವಾಗಿ.

ಅಪ್ಪ ಅಮ್ಮ ಇಬ್ಬರೇ ಊರಲ್ಲಿ, ನಾವು ಬೆಂಗಳೂರಲ್ಲಿ. ನೆಟ್‌ವರ್ಕ್ ಕೂಡ ಸರಿ ಇಲ್ಲ.

ಇದನ್ನು ಕೇಳುವಾಗ ಎಲ್ಲರ ದನಿಯೂ ಇಳಿಯುತ್ತದೆ. ಸ್ನಾನದ ಹೊತ್ತು ಗೊತ್ತು ಮಾಡಿಕೊಳ್ಳಿ. ಹಾಲು ಕೊಡುವವರು ಬರುವ ಹೊತ್ತೋ, ತೋಟದ ಕೆಲಸದವರು ಇರುವ ಹೊತ್ತೋ ಆಗಲಿ. ಸ್ನಾನ ಆದ ಮೇಲೆ ಪಕ್ಕದ ಮನೆಗೆ ಒಂದು ಕೂ ಹಾಕುವ ಪದ್ಧತಿ ಮಾಡಿ, ಕೂ ಕೇಳದಿದ್ದರೆ ಅವರು ಬಂದು ನೋಡಲಿ. ಬಚ್ಚಲಲ್ಲಿ ನೆಲಕ್ಕೆ ಹತ್ತಿರ, ಬಿದ್ದಾಗ ಕೈಗೆ ಸಿಗುವಷ್ಟು ಕೆಳಗೆ, ಒಂದು ಸ್ಟೀಲ್ ಚೊಂಬು ಅಥವಾ ಗಂಟೆ ನೇತುಹಾಕಿ. ಕೂಗಿ ಕೂಗಿ ಗಂಟಲು ಸೋಲುತ್ತದೆ, ಚೊಂಬು ಬಡಿಯಲು ಕೈ ಸೋಲುವುದಿಲ್ಲ. ಮಳೆಗಾಲದ ಒದ್ದೆ ನೆಲದಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ ಮೈ ತಣ್ಣಗಾಗುತ್ತದೆ, ಅದುಮಿದ ಸ್ನಾಯು ಹಾಳಾಗಿ ಕಿಡ್ನಿಗೂ ಪೆಟ್ಟು ಬೀಳುತ್ತದೆ. ಮೂಳೆ ಮುರಿಯದಿದ್ದವರಿಗೂ ಅದು ಅಪಾಯ. ಹಿರಿಯರಿಗೆ ಮಾಹಿತಿ, ಸಹಾಯ ಬೇಕಾದರೆ 14567 ಅನ್ನುವ ಸಹಾಯವಾಣಿ ಇದೆ.

ಕಾಲಿಗೆ ಬಲ ಬರಲು ಏನಾದರೂ ಮಾಡಬಹುದಾ?

ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕಟ್ಟೆ ಹಿಡಿದೇ ಒಂಟಿ ಕಾಲಲ್ಲಿ ನಿಲ್ಲುವುದು. ದಿನಾ ಇಷ್ಟು ಮಾಡಿದರೂ ಎರಡು ಮೂರು ತಿಂಗಳಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಪರೀಕ್ಷೆ ಮಾಡಬೇಕಾ? ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ.

ಬಿದ್ದ ಮೇಲೆ ಅಮ್ಮ ಬಚ್ಚಲಿಗೆ ಹೋಗೋಕೇ ಹೆದರುತ್ತಾರೆ.

ನಮ್ಮಮ್ಮನೂ ಹಾಗೇ ಆಗಿದ್ದರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಎರಡು ದಿನಕ್ಕೊಮ್ಮೆ ಸ್ನಾನ, ರಾತ್ರಿ ಎದ್ದೇಳಬಾರದು ಅಂತ ಸಂಜೆಯಿಂದ ನೀರೇ ಕುಡಿಯುತ್ತಿರಲಿಲ್ಲ. ನೀರು ಕಡಿಮೆಯಾದರೆ ತಲೆ ಸುತ್ತು ಇನ್ನೂ ಜಾಸ್ತಿ. ಹೆದರಿ ಓಡಾಟ ಬಿಟ್ಟರೆ ಕಾಲು ಇನ್ನೂ ಸೋಲುತ್ತದೆ. ಬೈದು ಪ್ರಯೋಜನ ಇಲ್ಲ. ಮೊದಲ ವಾರ ನಾನು ಒಳಗೇ ನಿಂತು ನೀರು ಹಾಕಿದೆ. ಎರಡನೇ ವಾರ ಬಾಗಿಲ ಹೊರಗೆ ಸ್ಟೂಲು ಹಾಕಿ ಕೂತು ಮಾತಾಡುತ್ತಿದ್ದೆ. ಅವರು ಹಿಡಿಕೆ ಹಿಡಿದು ಏಳುವಾಗ ಬಳೆ ಕಂಬಿಗೆ ತಾಗಿದ ಸದ್ದು ಹೊರಗೆ ಕೇಳುತ್ತಿತ್ತು. ಒಂದು ದಿನ ಅವರೇ ಒಳಗಿಂದ ಹೇಳಿದರು, "ನೀನು ಹೋಗು ಮಾರಾಯ, ಕೊಟ್ಟಿಗೆ ಕೆಲಸ ನೋಡು." ನಾನು ಎದ್ದು ಹೋದೆ.